ಕೊಟ್ಟು ಉಳಿಸಿದ ಬೀಜ



ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ಸೀಮೆಯಲ್ಲಿ ವಜ್ರಳ್ಳಿಯೆಂಬುದೊಂದು ಊರು. ಊರೆಂದೊಡನೆ ಬಯಲುಸೀಮೆಯವರಾದ ನಮಗೆ ಬೀದಿಗಳೂ ಸಾಲುಮನೆಗಳೂ ನೆನಪಿಗೆ ಬರುವುವು. ಅಲ್ಲಿ ಹಾಗಲ್ಲ. ಗುಡ್ಡದ ಒಂದೊಂದು ಮಡಿಲಿಗೆ ಒಂದೊಂದು ಮನೆ, ಕೆಳಗೆ ಕಣಿವೆಯಲ್ಲಿ ಅಡಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾಡು. ಈ ಸೀಮೆಗೆ ಪ್ರವಾಸ ಹೋದವರು ಮಾಗೋಡಿನ ಜಲಪಾತವನ್ನು ಕಂಡು ಬೆರಗಾಗಿ, ಅಂಗಳದಲ್ಲಿ ಒಣಗುತ್ತಿರುವ ಅಡಕೆಯನ್ನು ನೋಡಿ ಐಶ್ವರ್ಯವನ್ನು ಕೊಂಡಾಡಿ ಹಿಂದಿರುಗುವುದು ವಾಡಿಕೆ. ಮನೆಯ ಹಿಂಬದಿಗೆ ಹೋಗಿ ನೋಡಿದವರು ವಿರಳ. ನನ್ನ ಇಂದಿನ ಮಾತು ಆ ಹಿಂಬದಿಯ ಹಿತ್ತಿಲನ್ನು ಕುರಿತದ್ದು. ಅದನ್ನು ಕಾಯ್ದುಕೊಂಡು ಬಂದಿರುವ ಸ್ತ್ರೀಯರನ್ನು ಕುರಿತದ್ದು.

ಮಲೆನಾಡಿನಲ್ಲಿ ತೋಟದ ಲೆಕ್ಕ ಗಂಡಸಿನದು, ಹಿತ್ತಿಲಿನ ಲೆಕ್ಕ ಹೆಂಗಸಿನದು. ತೋಟ ಹಣವನ್ನು ತರುತ್ತದೆ, ಹಿತ್ತಿಲು ಊಟವನ್ನು ಕೊಡುತ್ತದೆ. ಮೊಗೆಕಾಯಿ, ಹೀರೆ, ಬೆಂಡೆ, ಅವರೆ, ಬಸಳೆ, ಕೆಸು, ಸುವರ್ಣಗೆಡ್ಡೆ, ತಂಬುಳಿಗೆ ಬೇಕಾದ ಹತ್ತಾರು ಬಗೆಯ ಸೊಪ್ಪು — ಇವೆಲ್ಲವೂ ಅಲ್ಲಿಯವೇ. ಬಳ್ಳಿಯ ಮೊದಲ ಒಳ್ಳೆಯ ಕಾಯಿಯನ್ನು ಕೊಯ್ಯದೆ ಬೀಜಕ್ಕೆಂದು ಬಿಡುವುದು, ಹಣ್ಣಾದ ಮೇಲೆ ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸುವುದು, ಹುಳು ಹತ್ತದಂತೆ ಒಲೆಯ ಬೂದಿಯಲ್ಲಿ ಹೊರಳಿಸಿ ಕಟ್ಟಿಡುವುದು, ಹೀರೆಯನ್ನು ಇಡಿಯ ಕಾಯಿಯಾಗಿಯೇ ಒಣಗಿಸಿ ಅಡಿಗೆಮನೆಯ ಹೊಗೆ ತಾಕುವೆಡೆಯಲ್ಲಿ ತೂಗುಹಾಕುವುದು — ಇವು ಯಾವ ಶಾಲೆಯಲ್ಲಿಯೂ ಹೇಳಿಕೊಡದ, ಆದರೆ ಪೂರ್ಣ ಅರ್ಥದಲ್ಲಿ ಶಾಸ್ತ್ರವೆನ್ನಬಹುದಾದ ವಿದ್ಯೆಗಳು. ಹೀಗೆ ಸಂಗ್ರಹಿಸಿದ ಬೀಜವನ್ನು ನೆರೆಯವರಿಗೂ ತವರಿನವರಿಗೂ ಬಂದ ನೆಂಟರಿಗೂ ಹಂಚಿಬಿಡುವರು. ಹಂಚಿದರೆ ನಿಮಗೆ ಉಳಿಯುವುದೇನು ಎಂದು ಕೇಳಿದರೆ ಮನೆಯ ಹಿರಿಯಾಕೆ ನಗುವರು. ಕೊಟ್ಟರೆ ತಾನೆ ಉಳಿಯುವುದು ಎಂಬುದೇ ಅವರ ಭಾವ.

ನಮ್ಮ ಅರ್ಥಶಾಸ್ತ್ರಕ್ಕೆ ಈ ಮಾತು ತಿಳಿಯುವುದು ಕಷ್ಟ. ಕೇಂಬ್ರಿಜ್ಜಿನ ಪಿಗೂ ಎಂಬ ಪಂಡಿತನು 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ವಿನೋದವನ್ನು ಎತ್ತಿ ತೋರಿಸಿದ್ದಾನೆ: ಒಬ್ಬಾತನು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನೆಗೆಲಸದಾಕೆಯನ್ನು ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಕುಗ್ಗುತ್ತದೆಯಂತೆ! ಕೆಲಸ ಅದೇ, ಕೈ ಅದೇ. ಸಂಬಳ ನಿಂತಿತು, ಆದುದರಿಂದ ಲೆಕ್ಕದಿಂದ ಅಳಿಸಿಹೋಯಿತು. ಹಿತ್ತಿಲಿನ ಸಂಗತಿಯೂ ಹೀಗೆಯೇ. ಅಡಕೆಗೆ ಬೆಲೆ ಬರಲೆಂದು 1923ರಷ್ಟು ಹಿಂದೆಯೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಅದು ಆಗಬೇಕಾಗಿದ್ದ ಕೆಲಸ, ಸ್ತುತ್ಯವಾದ ಕೆಲಸ. ಆದರೆ ಬೀಜಕ್ಕೆ ಸಂಘ ಎಲ್ಲಿ? ಬೆಲೆಯಿಲ್ಲದ ವಸ್ತುವಿಗೆ ಸಂಘವೇತಕ್ಕೆ ಎಂದೇ ಎಲ್ಲರೂ ತಿಳಿದಿದ್ದರು.

ಇದರ ಫಲವೇನಾಯಿತು? ಪೇಟೆಯಲ್ಲಿ ಬಣ್ಣದ ಪೊಟ್ಟಣದ ಬೀಜ ಸುಲಭವಾಗಿ ದೊರೆಯತೊಡಗಿತು. ಪೇಟೆಯ ತರಕಾರಿ ಬಸ್ಸಿನಲ್ಲಿ ಹಳ್ಳಿಗೆ ಬಂದಿತು. ಮಕ್ಕಳು ಓದಿ ನಗರಗಳಿಗೆ ಹೋದರು. ಮನೆಯಲ್ಲಿ ವೃದ್ಧೆಯೊಬ್ಬಳು ಕಣ್ಣು ಮುಚ್ಚಿದರೆ ಅವಳೊಡನೆ ಒಂದು ಬಗೆಯ ಅವರೆಯೂ ಕಣ್ಣು ಮುಚ್ಚುವ ಕಾಲ ಬಂದಿತು. ಪುಸ್ತಕ ಕಳೆದರೆ ಬೇರೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಒಂದೇ ಹಿತ್ತಿಲಿನಲ್ಲಿ ಉಳಿದಿದ್ದ ತಳಿ ಕಳೆದರೆ ಅದಕ್ಕೆ ಪ್ರತಿಯಿಲ್ಲ.

ಈ ಮಾತು ಉತ್ಪ್ರೇಕ್ಷೆಯಲ್ಲ. ವಜ್ರಳ್ಳಿಗೆ ಸಮೀಪದ ಕಳಚೆಯಲ್ಲಿ 2021ರ ಜುಲೈ ತಿಂಗಳ ಮಹಾಮಳೆಗೆ ಗುಡ್ಡಗಳು ಕುಸಿದು ತೋಟಗಳು ಮಣ್ಣುಪಾಲಾದುವು; ಹಾದಿಗಳು ಕಡಿದುಹೋದುವು. ಅಂಥ ದಿನ ಹಿತ್ತಿಲೂ ಹೋಗುತ್ತದೆ, ಅಟ್ಟದ ಮೇಲಿನ ಬೀಜದ ಗಂಟೂ ಹೋಗುತ್ತದೆ. ಆಗ ಉಳಿಯತಕ್ಕದ್ದು ಯಾವುದು? ಹಿಂದಿನ ವರ್ಷ ನೆರೆಯೂರಿನವರಿಗೆ ಕೊಟ್ಟ ಒಂದು ಹಿಡಿ ಬೀಜ ಮಾತ್ರ. ಹಿರಿಯಾಕೆಯ ನಗುವಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ದಾನವೆಂದು ನಾವು ಕರೆದದ್ದು ವಾಸ್ತವವಾಗಿ ವಿಮೆ.

ಸಂತೋಷದ ಸಂಗತಿಯೆಂದರೆ, ಬೀಜಕ್ಕೂ ಒಂದು ಸಂಘ ಕೊನೆಗೆ ಹುಟ್ಟಿತು. 2001ರಲ್ಲಿ ಶಿರಸಿಯ ಸೀಮೆಯಲ್ಲಿ ಸುನೀತಾ ರಾವ್ ಎಂಬುವರು ‘ವನಸ್ತ್ರೀ’ಯನ್ನು ಸ್ಥಾಪಿಸಿದರು. ಅಡಕೆಯ ಸಂಘಕ್ಕೂ ಬೀಜದ ಸಂಘಕ್ಕೂ ನಡುವೆ 78 ವರ್ಷಗಳ ಅಂತರ! ವನಸ್ತ್ರೀಯವರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಒಂದೊಂದು ಮನೆಯಲ್ಲಿ ಒಂಟಿಯಾಗಿದ್ದ ವಿದ್ಯೆಯನ್ನು ಒಂದೆಡೆಗೆ ತಂದರು. ಹಿತ್ತಿಲಿನ ಹೆಂಗಸರು ಒಬ್ಬರನ್ನೊಬ್ಬರು ಕಂಡು ಬೀಜ ಬದಲಾಯಿಸಿಕೊಳ್ಳುವಂತಾಯಿತು. ‘ಮಲೆನಾಡು ಮೇಳ’ವೆಂಬ ಕೂಟದಲ್ಲಿ ಬೀಜ, ಗೆಡ್ಡೆ, ಸಸಿ, ಮನೆಯ ತಿಂಡಿಗಳು ಜನರ ಕಣ್ಣಿಗೆ ಬಿದ್ದುವು. ತನ್ನ ಹೆಸರಿನಲ್ಲಿ ನಾಲ್ಕು ಕಾಸು ಕಾಣದಿದ್ದ ಗೃಹಿಣಿ ತನ್ನ ಬೀಜಕ್ಕೆ ತಾನೇ ಬೆಲೆ ಹೇಳಿದಳು. ಅದೇ 2001ರ ಇಸವಿಯಲ್ಲಿ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಶಾಸನ ನಮ್ಮ ದೇಶದಲ್ಲಿ ಅಂಗೀಕಾರವಾಯಿತು. ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಕಂಪೆನಿಯ ಮುದ್ರೆಯಿಲ್ಲದೆ ಮಾರುವ ಅಧಿಕಾರ ಬೇಸಾಯಗಾರನಿಗಿದೆಯೆಂದು ಶಾಸನ ಒಪ್ಪಿತು. ಹೆಂಗಸರು ಶತಮಾನಗಳಿಂದ ಕೇಳದೆಯೇ ನಡೆಸಿದ್ದನ್ನು ರಾಜ್ಯ ತಡವಾಗಿ ಓದಿಕೊಂಡಿತು ಎನ್ನಬಹುದು.

ಈ ವಿದ್ಯೆ ತೋಟವುಳ್ಳ ಮನೆಗಳಿಗೆ ಮಾತ್ರ ಸೇರಿದುದೆಂದು ಯಾರೂ ತಿಳಿಯಬಾರದು. ಘಟ್ಟವನ್ನಿಳಿದರೆ ಅಂಕೋಲೆಯ ಸೀಮೆ. ಅಲ್ಲಿಯ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗರ ಬಡ ಮನೆಯಲ್ಲಿ ಹುಟ್ಟಿದವರು. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದಿನಗೂಲಿಯವರಾಗಿ ದುಡಿದರು. ಕಾಡಿನ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವ ದಿನ ಆಯಬೇಕು ಎಂಬುದು ಅವರಿಗೆ ತಿಳಿದಿತ್ತು. ಇದೇನು ಮಹಾ ಎನ್ನಬೇಡಿ. ಹಲಸಿನಂತಹ ಮರಗಳ ಬೀಜವನ್ನು ಒಣಗಿಸಿಟ್ಟರೆ ಅದರ ಜೀವವೇ ಹೋಗುತ್ತದೆ. ಆಯ್ದ ಕೆಲವೇ ದಿನಗಳೊಳಗೆ ಅದು ಮಣ್ಣು ಸೇರಬೇಕು. ಅಲ್ಲಿ ಕಾಲಜ್ಞಾನವೇ ಸರ್ವಸ್ವ. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ ಅವರಿಗೆ ಬಂದುವು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿಯೇ ನಡೆದುಬಂದು ರಾಷ್ಟ್ರಪತಿಗಳಿಂದ ಆ ಗೌರವವನ್ನು ಅವರು ಪಡೆದುದನ್ನು ದೇಶವೇ ನೋಡಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು.

ಪ್ರಶಸ್ತಿ ಬಂದುದು ನ್ಯಾಯವೇ. ಆದರೆ ಮೂವತ್ತು ವರ್ಷಗಳ ದಿನಗೂಲಿಯನ್ನೂ ನಾವು ಮರೆಯಕೂಡದು. ಮೆಚ್ಚುವುದು ಸುಲಭ, ಮೆಚ್ಚಿ ಕೈತೊಳೆದುಕೊಳ್ಳುವುದು ಇನ್ನೂ ಸುಲಭ. ಇಂಥವರನ್ನು ವನದೇವತೆಯರೆಂದು ಪೂಜಿಸಿಬಿಟ್ಟರೆ ಅವರ ಕೂಲಿಯನ್ನೂ ಭೂಮಿಯ ಹಕ್ಕನ್ನೂ ವೃದ್ಧಾಪ್ಯವನ್ನೂ ವಿಚಾರಿಸುವ ಹೊಣೆ ತಪ್ಪಿತೆಂದು ನಾವು ಎಣಿಸುತ್ತೇವೆ. ದೇವತೆಗೆ ಸಂಬಳ ಬೇಡವಷ್ಟೆ! ಈ ಸ್ತ್ರೀಯರು ದೇವತೆಯರಲ್ಲ. ನುರಿತ ಕೆಲಸಗಾರರು, ಅಕ್ಷರವಿಲ್ಲದೆಯೂ ವಿದ್ವಾಂಸರು. ವಿದ್ವಾಂಸರಿಗೆ ಸಲ್ಲತಕ್ಕ ಸ್ಥಾನ ಅವರಿಗೆ ಸಲ್ಲಬೇಕು. ಅಷ್ಟೇ ಅಲ್ಲದೆ, ಅವರಿಗೆ ಶಿಷ್ಯರೂ ಬೇಕು.

ನಗರವಾಸಿಗಳಾದ ನಾವು ಮಾಡಬಹುದಾದುದೇನು? ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಒಬ್ಬ ಅಜ್ಜಿಯೋ ಅತ್ತೆಯೋ ದೊಡ್ಡಮ್ಮನೋ ಇರುವರು. ಮುಂದಿನ ರಜೆಯಲ್ಲಿ ಹೋದಾಗ ಅವರ ಹಿತ್ತಿಲಿಗೆ ಹೋಗಿ ನಿಲ್ಲಿ. ಯಾವ ಬೀಜ, ಯಾರಿಂದ ಬಂದಿತು, ಯಾವಾಗ ಬಿತ್ತಬೇಕು, ಹೇಗೆ ಕಟ್ಟಿಡಬೇಕು ಎಂದು ಕೇಳಿ ಬರೆದುಕೊಳ್ಳಿ. ಒಂದು ಹಿಡಿ ಬೀಜವನ್ನು ಬೇಡಿ ತನ್ನಿ. ಬೇಡುವುದಕ್ಕೆ ಸಂಕೋಚ ಬೇಡ. ಅದು ಅವರಿಗೆ ಹಬ್ಬ. ತಂದುದನ್ನು ಕುಂಡದಲ್ಲಿಯಾದರೂ ಬಿತ್ತಿ, ಬೆಳೆದ ಮೇಲೆ ನೆರೆಮನೆಗೆ ಅರ್ಧವನ್ನು ಕೊಡಿ.