ಹುಲ್ಲಿನ ಸೇತುವೆ



ಲೋಕದ ದೊಡ್ಡ ಸೇತುವೆಗಳ ಬಗ್ಗೆ ಮಾತಾಡಿ ಅಂದಿರಿ. ನಾನು ಆರಿಸಿಕೊಂಡಿದ್ದು ಹುಲ್ಲಿನದು! ಪೆರು ದೇಶದ ಅಪುರಿಮಾಕ್ ನದಿಯ ಮೇಲಿನ ಕೇಸ್ವಾಚಾಕಾ. ಉದ್ದ ಸುಮಾರು 28 ಮೀಟರ್. ಕಟ್ಟುವ ಪದ್ಧತಿ ಇಂಕಾ ಜನರ ಕಾಲದ್ದು. ಮನೆಮನೆಯವರೂ ಹುಲ್ಲು ಹೊಸೆದು ಹುರಿ ತರುತ್ತಾರೆ. ಹುರಿ ಸೇರಿ ಹಗ್ಗ, ಹಗ್ಗ ಹೆಣೆದು ತೊಡೆ ಗಾತ್ರದ ಮಿಣಿ. ಪ್ರತಿ ಜೂನ್‌ನಲ್ಲಿ ನಾಲ್ಕು ಊರಿನವರು ಮೂರು ದಿನ ದುಡಿದು ಹಳೆಯದನ್ನು ಹೊಳೆಗೆ ಬಿಟ್ಟು ಹೊಸದು ಕಟ್ಟುತ್ತಾರೆ. ನಾಲ್ಕನೆಯ ದಿನ ಹಬ್ಬ. ಹತ್ತಿರದಲ್ಲೇ ವಾಹನ ಓಡಾಡುವ ಸೇತುವೆ ಇದೆ. ಆದರೂ ಇದನ್ನು ಬಿಟ್ಟಿಲ್ಲ, ನನಗೆ ಹಿಡಿಸಿದ್ದೇ ಅದು.

2020ರಲ್ಲಿ ಕೊರೋನಾ, ಕಟ್ಟಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಸೇತುವೆ ಹರಿದು ಬಿತ್ತು. ಹೊಸ ಹಗ್ಗ ದಾಟಿಸಲು ಹಳೆಯದೂ ಇರಲಿಲ್ಲ. ಆ ಜೂನ್‌ನಲ್ಲಿ ಎರಡೂ ದಡದವರು ಸೇರಿ ಮತ್ತೆ ಕಟ್ಟಿದರು.