ಬೆಳೆ ನೋಡುವ ಡ್ರೋನ್: ಕಂಪನಿಗಳ ಕೂಡಿಕೆಯಿಂದ ರೈತನಿಗೇನು?

(ವಿಸ್ತರಣಾ ಕಾರ್ಯಕರ್ತರ ಮತ್ತು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೊಲದ ಮೇಲೆ ಡ್ರೋನ್ ಹಾರಿಸಿ ಬೆಳೆಯ ಸ್ಥಿತಿ ತಿಳಿಸುತ್ತೇವೆ ಎನ್ನುವವರು ಈಗ ನಮ್ಮ ಹಳ್ಳಿಗಳಿಗೂ ಬರುತ್ತಿದ್ದಾರೆ. ಹಣ ಕೊಡುವ ಮೊದಲು ಈ ವ್ಯವಹಾರ ಅಮೆರಿಕದಲ್ಲಿ ಹೇಗೆ ನಡೆಯಿತೆಂಬುದನ್ನು ತಿಳಿಯುವುದು ಒಳ್ಳೆಯದು.

ಈ ಕೆಲಸಕ್ಕೆ ಹಾರುವ ಯಂತ್ರ, ಕ್ಯಾಮೆರಾ ಹಾಗೂ ಚಿತ್ರವನ್ನು ಓದಿ ಅರ್ಥ ಹೇಳುವ ಗಣಕ ವ್ಯವಸ್ಥೆ, ಈ ಮೂರೂ ಬೇಕು. ಕ್ಯಾಮೆರಾದ ಸಂಗತಿಯನ್ನು ಸ್ವಲ್ಪ ವಿವರಿಸಬೇಕು. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಸೊರಗಿದ ಎಲೆಯಲ್ಲಿ ಇವೆರಡರ ಅಂತರ ಕುಗ್ಗುತ್ತದೆ. ಆ ಅಂತರವನ್ನು ಎರಡರ ಮೊತ್ತದಿಂದ ಭಾಗಿಸಿದಾಗ ಬರುವ ಅಂಕಿಯೇ ಎನ್‌ಡಿವಿಐ. ಅಂಕಿ ಇಳಿದಿದೆಯೆಂದು ಚಿತ್ರದಿಂದ ತಿಳಿದೀತೇ ಹೊರತು, ಏಕೆ ಇಳಿಯಿತೆಂಬುದು ತಿಳಿಯದು. ಸಾರಜನಕದ ಕೊರತೆಯೋ, ನೀರು ನಿಂತದ್ದೋ, ಬೇರು ಕೊಳೆತದ್ದೋ, ಅಥವಾ ಪೈರು ತೆಳುವಾಗಿ ಮಣ್ಣೇ ಹೆಚ್ಚು ಕಂಡದ್ದೋ? ಗಿಡ ಕಿತ್ತು ನೋಡಲೇಬೇಕು.

ಈಗ ಕಂಪನಿಗಳ ವಿಷಯ. ಡ್ರೋನ್ ತಯಾರಿಸುತ್ತಿದ್ದ ಕ್ಯಾನ್ಸಾಸಿನ ಆಗ್‌ಈಗಲ್ ಕಂಪನಿ 2021ರ ಒಂದೇ ವರ್ಷದಲ್ಲಿ ಮೂರು ಕಂಪನಿಗಳನ್ನು ಕೊಂಡಿತು. ಕ್ಯಾಮೆರಾಗಳ ಮೈಕಾಸೆನ್ಸ್‌ಗೆ 2.3 ಕೋಟಿ ಡಾಲರ್, ಹಾರಾಟದ ಲೆಕ್ಕ ನೋಡುವ ಮೆಷರ್‌ಗೆ 4.5 ಕೋಟಿ, ಸ್ವಿಟ್ಜರ್ಲೆಂಡಿನ ಡ್ರೋನ್ ತಯಾರಕ ಸೆನ್ಸ್‌ಫ್ಲೈಗೆ 2.3 ಕೋಟಿ. ಎಲ್ಲವೂ ಒಂದೇ ಅಂಗಡಿಯಲ್ಲಿ ಸಿಗಲಿ ಎಂಬುದು ಯೋಜನೆ. ಕಾಗದದ ಮೇಲೆ ಸೊಗಸಾಗಿತ್ತು. ಆದರೆ 2022ರಲ್ಲಿ ಕಂಪನಿಗೆ 5 ಕೋಟಿ ಡಾಲರಿಗೂ ಮೀರಿ ನಷ್ಟವಾಯಿತು. ಖರೀದಿಗೆ ಕೊಟ್ಟ ಬೆಲೆಯಲ್ಲಿ ದೊಡ್ಡ ಪಾಲನ್ನು ಲೆಕ್ಕದಿಂದ ಕಳೆಯಬೇಕಾಯಿತು.

ಇನ್ನೊಂದು ಬಗೆಯ ಕೂಡಿಕೆಯೂ ಇದೆ. ಟ್ರ್ಯಾಕ್ಟರ್ ತಯಾರಕ ಜಾನ್ ಡಿಯರ್ 2017ರಲ್ಲಿ ಕ್ಯಾಲಿಫೋರ್ನಿಯಾದ ಬ್ಲೂ ರಿವರ್ ಕಂಪನಿಯನ್ನು 30.5 ಕೋಟಿ ಡಾಲರಿಗೆ ಕೊಂಡಿತು. ಅದರಿಂದ ಬಂದ ಸಿಂಪರಣಾ ಯಂತ್ರದಲ್ಲಿ 120 ಅಡಿ ಉದ್ದದ ತೋಳಿನ ಮೇಲೆ 36 ಕ್ಯಾಮೆರಾಗಳಿವೆ. ಕಳೆ ಕಂಡ ಕ್ಷಣವೇ ಆ ಜಾಗದ ನಳಿಕೆಯಷ್ಟೇ ತೆರೆಯುತ್ತದೆ. ಇಲ್ಲಿ ನೋಡುವುದೂ ಮಾಡುವುದೂ ಒಂದೇ ಕೆಲಸ. ಉಳಿದ ಕಳೆನಾಶಕ ರೈತನ ಡಬ್ಬಿಯಲ್ಲೇ ಕಾಣುತ್ತದೆ. ಬರಿಯ ಚಿತ್ರಕ್ಕೆ ಈ ಅನುಕೂಲವಿಲ್ಲ. ನಮ್ಮ ಎರಡೆಕರೆ ಹೊಲಕ್ಕೆ ಅಂಥ ಯಂತ್ರ ಬಾರದು, ಆ ಮಾತು ಬೇರೆ.

ಆದ್ದರಿಂದ ಡ್ರೋನಿನವರು ಬಂದಾಗ, ಹಳದಿ ಕಂಡ ಜಾಗಕ್ಕೆ ನಿಮ್ಮೊಡನೆ ಯಾರು ಇಳಿದು ಬರುತ್ತಾರೆಂದು ಮೊದಲು ಕೇಳಿರಿ. ಚಿತ್ರಗಳ ಒಂದು ಪ್ರತಿಯನ್ನು ಆ ದಿನವೇ ಪಡೆದುಕೊಳ್ಳಿರಿ. ಕಂಪನಿ ಕೈ ಬದಲಾದ ಮೇಲೆ ಕೇಳಿದರೆ ಉತ್ತರ ಕೊಡುವವರು ಸಿಗಲಾರರು.