ಮಣ್ಣಿಲ್ಲದ ಗಿಡಕ್ಕೆ ಊಟ ಬಡಿಸುವ ಬಗೆ

(ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಪುಣೆಯಲ್ಲಿರುವ ನಮ್ಮಲ್ಲಿ ಅನೇಕರಿಗೆ ಹಿತ್ತಲಿಲ್ಲ. ಇರುವುದು ಬಾಲ್ಕನಿ, ಬಹಳವಾದರೆ ಸೊಸೈಟಿಯ ತಾರಸಿಯಲ್ಲಿ ಒಂದು ಮೂಲೆ. ಹಾಗಾಗಿ ಬಿಳಿ ಪೈಪಿನ ಹೈಡ್ರೋಪೋನಿಕ್ಸ್ ಸ್ಟ್ಯಾಂಡು ಈಗ ಹಲವರ ಮನೆಗೆ ಬಂದಿದೆ. ಮೊದಲ ತಿಂಗಳು ಪಾಲಕ್ ಚೆನ್ನಾಗಿ ಬರುತ್ತದೆ, ಫೋಟೋ ಗ್ರೂಪಿಗೂ ಬರುತ್ತದೆ. ಎರಡನೇ ತಿಂಗಳು ಎಲೆ ಹಳದಿಯಾಗುತ್ತದೆ. ಆಮೇಲೆ ಆ ಸ್ಟ್ಯಾಂಡಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಏನಾಯಿತು ಎಂದು ಕೇಳಿದರೆ ಬರುವ ಉತ್ತರ ಒಂದೇ: "ನನ್ನ ಕೈಗುಣ ಸರಿಯಿಲ್ಲ ಕಣ್ರೀ."

ಆ ಮಾತನ್ನು ನಾನು ಒಪ್ಪುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಸಾಮಾನು ಮೂಲೆ ಸೇರಿದ್ದಕ್ಕೆ ಹೆಂಗಸರು ತಮ್ಮ ಕೈಯನ್ನೇ ಹಳಿದುಕೊಳ್ಳಬೇಕಿಲ್ಲ. ಅಲ್ಲಿ ಸೋತದ್ದು ನೀರು ಮತ್ತು ಅಳತೆ. ಇವೆರಡನ್ನೂ ಕಲಿಯಬಹುದು.

ಮಣ್ಣು ಬಹಳ ಕ್ಷಮಾಗುಣದ್ದು. ಗೊಬ್ಬರ ಸ್ವಲ್ಪ ಹೆಚ್ಚಾದರೆ ಹಿಡಿದಿಟ್ಟುಕೊಳ್ಳುತ್ತದೆ, ಕಡಿಮೆಯಾದರೆ ತನ್ನೊಳಗಿಂದ ಕೊಡುತ್ತದೆ. ನೀರಿಗೆ ಆ ಗುಣವಿಲ್ಲ. ನಾವು ಹಾಕಿದ್ದಷ್ಟೇ ಬೇರಿಗೆ ಸಿಗುತ್ತದೆ. ಗಿಡಕ್ಕೆ ಬೇಕಾದ ಮೂಲಧಾತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ 14 ನಮ್ಮ ಬಕೆಟ್ಟಿನಿಂದಲೇ ಹೋಗಬೇಕು. ಇದು ಹೊಸ ವಿದ್ಯೆಯೇನಲ್ಲ. 1860ರ ದಶಕದಲ್ಲೇ ಜರ್ಮನಿಯ ಸಾಕ್ಸ್ ಮತ್ತು ನಾಪ್ ಎಂಬ ವಿಜ್ಞಾನಿಗಳು ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ್ದರು. ನಮ್ಮ ದೇಶದಲ್ಲೂ 1940ರ ದಶಕದಲ್ಲಿ ಶೋಲ್ಟೊ ಡಗ್ಲಸ್ ಎಂಬಾತ ಬಂಗಾಳದಲ್ಲಿ ಕಡಿಮೆ ಖರ್ಚಿನ ಪದ್ಧತಿಯೊಂದನ್ನು ರೂಪಿಸಿದ್ದರು.

ಮೊದಲು ನೀರಿನ ವಿಷಯ. ಪುಣೆಯಲ್ಲಿ ಒಂದೇ ನಲ್ಲಿಯಲ್ಲಿ ಮೂರು ಬಗೆಯ ನೀರು ಬರಬಹುದು. ಖಡಕ್‌ವಾಸ್ಲಾ ಕಡೆಯ ಅಣೆಕಟ್ಟಿನ ನೀರು ಮೆದು. ಬೋರ್‌ವೆಲ್ಲಿನದು ಬಸಾಲ್ಟ್ ಬಂಡೆಯ ಸಂದಿನಿಂದ ಬರುವ ಗಡಸು ನೀರು. ಟ್ಯಾಂಕರಿನದು ಯಾವ ಊರಿನದೋ! ಬೇಸಿಗೆಯಲ್ಲಿ ಸೊಸೈಟಿಯವರು ಅಣೆಕಟ್ಟಿನ ನೀರಿನಿಂದ ಟ್ಯಾಂಕರಿಗೆ ಬದಲಾಯಿಸಿದರೆ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಇನ್ನೊಂದು ಮುಖ್ಯ ಮಾತು: ಸೊಸೈಟಿಯಲ್ಲಿ ವಾಟರ್ ಸಾಫ್ಟ್‌ನರ್ ಇದ್ದರೆ ಆ ನೀರು ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಬಟ್ಟೆ ತೊಳೆಯಲು ಒಳ್ಳೆಯದು, ಬೇರಿಗೆ ಅಲ್ಲ. ಆರ್‌ಓ ಯಂತ್ರ ಹೊರಚೆಲ್ಲುವ ನೀರಿನಲ್ಲೂ ಉಪ್ಪು ಹೆಚ್ಚು, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಆರ್‌ಓದ ಕುಡಿಯುವ ನೀರು ಅಥವಾ ಮಳೆನೀರನ್ನು ಗಡಸು ನೀರಿಗೆ ಬೆರೆಸಿದರೆ ಕೆಲಸ ನಡೆಯುತ್ತದೆ.

ಅದಕ್ಕೇ ಒಂದು ಇಸಿ ಮೀಟರು ಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅದು ಹೇಳುತ್ತದೆ. ಅನೇಕರ ಬಳಿ ಇರುವುದು ಪಿಪಿಎಂ ತೋರಿಸುವ ಟಿಡಿಎಸ್ ಮೀಟರು. ಅದರಲ್ಲೊಂದು ಗೊಂದಲವಿದೆ. ಕೆಲವು ಮೀಟರು ಇಸಿ 1 ಅನ್ನು 500 ಪಿಪಿಎಂ ಎನ್ನುತ್ತವೆ, ಕೆಲವು 700 ಎನ್ನುತ್ತವೆ. ಇಬ್ಬರು ಗೆಳತಿಯರ ಅಂಕಿ ತಾಳೆಯಾಗದಿದ್ದರೆ ಕಾರಣ ಇದೇ ಇರಬಹುದು. ಇಸಿಯಲ್ಲೇ ಮಾತಾಡೋಣ. ಸೊಪ್ಪಿಗೆ 1.2ರಿಂದ 1.8 ಸಾಕು. ಸಸಿಗೆ ಅದರ ಅರ್ಧ. ಟೊಮೆಟೊಗೆ 2ಕ್ಕಿಂತ ಮೇಲೆ.

ಇನ್ನು ಊಟ. "19:19:19 ತಂದು ಹಾಕಿದರೆ ಸಾಲದೇ?" ಎಂದು ಕೇಳುತ್ತಾರೆ. ಸಾಲದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿದೆ. ಯೂರಿಯಾವನ್ನು ಬೇರಿಗೆ ಒಗ್ಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ನಮ್ಮ ಪೈಪಿನಲ್ಲಿ ಅವು ಅಷ್ಟಿರುವುದಿಲ್ಲ. ನಮಗೆ ಬೇಕಾದ್ದು ವಿಜಯಪುರದಿಂದ ನಾಸಿಕದವರೆಗಿನ ದ್ರಾಕ್ಷಿ ಬೆಳೆಗಾರರು ಡ್ರಿಪ್ಪಿನಲ್ಲಿ ಬಿಡುವ, ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರಗಳು. ಕೃಷಿ ಸೇವಾ ಕೇಂದ್ರದಲ್ಲಿ ಈ ಹೆಸರು ಹೇಳಿ ಕೇಳಿ.

ಎ ಬಾಟಲಿ: 1 ಲೀಟರ್ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 60 ಗ್ರಾಂ, ಶೇ. 12ರ ಕೀಲೇಟೆಡ್ ಕಬ್ಬಿಣ ಒಂದೂವರೆ ಗ್ರಾಂ.

ಬಿ ಬಾಟಲಿ: 1 ಲೀಟರ್ ನೀರಿಗೆ 13:0:45 ಅಂದರೆ ಪೊಟ್ಯಾಸಿಯಂ ನೈಟ್ರೇಟ್ 30 ಗ್ರಾಂ, 0:52:34 ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್ 20 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 30 ಗ್ರಾಂ, ಜೊತೆಗೆ ಪೊಟ್ಟಣದ ಮೇಲಿನ ಅಳತೆಯಂತೆ ಸೂಕ್ಷ್ಮ ಪೋಷಕಾಂಶಗಳ ಮಿಶ್ರಣ. ಇಲ್ಲೊಂದು ಎಚ್ಚರ: ಈ 1 ಲೀಟರ್ ಬಾಟಲಿ 100 ಲೀಟರ್ ನೀರಿಗೆ ಆಗುವಂಥದ್ದು, ಆದ್ದರಿಂದ ಮಿಶ್ರಣವನ್ನೂ 100 ಲೀಟರಿನ ಲೆಕ್ಕದಲ್ಲೇ ಹಾಕಿ.

10 ಲೀಟರ್ ಬಕೆಟ್ಟಿಗೆ ಎ 100 ಮಿಲಿ, ಬಿ 100 ಮಿಲಿ. ಮೆದು ನೀರಾದರೆ ಇಸಿ ಹೆಚ್ಚುಕಡಿಮೆ ಒಂದೂವರೆಯ ಆಸುಪಾಸಿಗೆ ಬರುತ್ತದೆ. ನೆನಪಿಡಿ, ಎ ಮತ್ತು ಬಿ ಎರಡನ್ನೂ ಗಟ್ಟಿಯಾಗಿರುವಾಗ ಬೆರೆಸಲೇಬಾರದು. ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟುಗಳ ಜೊತೆ ಸೇರಿ, ಹಾಲು ಒಡೆದ ಹಾಗೆ ಬಿಳಿ ಗಸಿ ಕಟ್ಟುತ್ತದೆ. ತಳದಲ್ಲಿ ಕೂತ ಆ ಗಸಿಯನ್ನು ಬೇರು ಉಣ್ಣಲಾರದು. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಎ ಹಾಕಿ ಕಲಕಿ, ಆಮೇಲೆ ಬಿ ಹಾಕಿ ಕಲಕಿ. ಅಡುಗೆಯಲ್ಲಿ ನಮ್ಮ ಅಂದಾಜಿನ ಉಪ್ಪು ತಪ್ಪುವುದಿಲ್ಲ, ನಿಜ. ಆದರೆ ಇಲ್ಲಿ ರುಚಿ ನೋಡುವಂತಿಲ್ಲ. ಪುಟ್ಟ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಚಮಚ, ಪಾತ್ರೆಗಳು ಅಡುಗೆಮನೆಯವಾಗಿರಬಾರದು. ಪುಡಿಗಳು ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರ ಇರಲಿ.

ಇಷ್ಟೆಲ್ಲ ತೂಗುವ ಪುರುಸೊತ್ತಿಲ್ಲದವರು ಸಿದ್ಧ ದ್ರಾವಣ ತರಬಹುದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವವರಿಗಾಗಿ "ಅರ್ಕಾ ಸಸ್ಯ ಪೋಷಕ ರಸ" ಎಂಬ ದ್ರವ ಪೋಷಕವನ್ನು ರೂಪಿಸಿದೆ. ಪೈಪು, ಪಂಪು ಬೇಡ ಎನ್ನುವವರಿಗೆ ಕುಂಡದಲ್ಲಿ ನಾರಿನ ಪುಡಿಯೇ ಸುಲಭ.

ಕೊನೆಗೆ ಪಿಎಚ್, ಅಂದರೆ ಹುಳಿಯ ಅಳತೆ. 5.5ರಿಂದ 6.5ರ ಒಳಗಿರಲಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಬಹಳ ಸಲ ಕಬ್ಬಿಣ ನೀರಿನಲ್ಲೇ ಇರುತ್ತದೆ, ಪಿಎಚ್ ಏರಿದ್ದರಿಂದ ಬೇರಿಗೆ ದಕ್ಕುತ್ತಿರುವುದಿಲ್ಲ. ಆಗ ಇನ್ನಷ್ಟು ಗೊಬ್ಬರ ಸುರಿದರೆ ಪ್ರಯೋಜನವಿಲ್ಲ. ನಿಂಬೆರಸ ಹಿಂಡಿದರೆ ಒಂದೆರಡು ದಿನಕ್ಕೆ ಮತ್ತೆ ಮೊದಲಿನಂತೆ. ಅಂಗಡಿಯ "ಪಿಎಚ್ ಡೌನ್" ಹನಿ ಹನಿಯಾಗಿ ಹಾಕಿ, ಕೈಗವಸು ತೊಟ್ಟುಕೊಳ್ಳಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು.

ದಿನಚರಿ ದೊಡ್ಡದಲ್ಲ. ದೇವರ ದೀಪ ಹಚ್ಚಿ ಬಂದ ಮೇಲೆ ಎರಡು ನಿಮಿಷ: ಇಸಿ, ಪಿಎಚ್ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಏಪ್ರಿಲ್, ಮೇ ಬಿಸಿಲಿಗೆ ಗಿಡ ನೀರು ಹೆಚ್ಚು ಕುಡಿದು ಲವಣ ಬಿಡುತ್ತದೆ, ಇಸಿ ಏರುತ್ತದೆ. ಆಗ ಬರೀ ನೀರು ಸೇರಿಸಿ. ಇಸಿ ಇಳಿದಿದ್ದರೆ ಎ, ಬಿ ಎರಡನ್ನೂ ಸಮನಾಗಿ ಸೇರಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗಿ ಬೇರು ಕೊಳೆಯುತ್ತದೆ. ತೊಟ್ಟಿಯನ್ನು ನೆರಳಿನಲ್ಲಿಡಿ. ಬೆಳಕು ಬಿದ್ದರೆ ಪಾಚಿ, ಬಾಯಿ ತೆರೆದಿದ್ದರೆ ಡೆಂಗಿ ಸೊಳ್ಳೆ. ಮುಚ್ಚಳ ತಪ್ಪಿಸಬೇಡಿ. ಎರಡು ವಾರಕ್ಕೊಮ್ಮೆ ದ್ರಾವಣ ಪೂರ್ತಿ ಬದಲಿಸಿ. ಹಳೆಯದನ್ನು ಮೋರಿಗೆ ಚೆಲ್ಲದೆ, ನೀರು ಬೆರೆಸಿ ಕುಂಡದ ದಾಸವಾಳಕ್ಕೆ, ಮಲ್ಲಿಗೆಗೆ ಹಾಕಿ.

ಈ ಸೊಪ್ಪು ಮಾರುಕಟ್ಟೆಗಿಂತ ಅಗ್ಗ ಎಂದು ನಾನು ಹೇಳುವುದಿಲ್ಲ. ಮೇಥಿ, ಪಾಲಕ್ ಇಲ್ಲಿ ಮೂಲೆಮೂಲೆಯಲ್ಲೂ ಸಿಗುತ್ತವೆ. ಬಸಳೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಊರಿಂದ ಬರುವಾಗ ಒಂದು ತುಂಡು ಬಳ್ಳಿ ತಂದು ನೀರಿಗಿಟ್ಟರೆ ಬೇರು ಬಿಡುತ್ತದೆ. ಮೊದಲ ಸಲ ಬಸಳೆ, ಪುದೀನ ಇವೆರಡನ್ನೇ ಬೆಳೆಸಿ. ಮೂಲೆ ಸೇರಿದ ಸ್ಟ್ಯಾಂಡಿನ ಮೇಲಿನ ಬಟ್ಟೆಯನ್ನು ಈ ವಾರವೇ ತೆಗೆಯಿರಿ. ಗೊಬ್ಬರ ತರುವ ಮೊದಲು ನಿಮ್ಮ ನಲ್ಲಿಯ ನೀರಿನ ಇಸಿ ಅಳೆದು ಗ್ರೂಪಿನಲ್ಲಿ ಹಾಕಿ, ಯಾವ ಬಡಾವಣೆ, ಯಾವ ನೀರು ಎಂದೂ ಬರೆಯಿರಿ. ನಾಲ್ಕು ಮಂದಿಯ ಅಂಕಿ ಕೂಡಿದರೆ ಐದನೆಯವಳಿಗೆ ದಾರಿ ಸುಲಭವಾಗುತ್ತದೆ.